ಲಾಕ್‌ಡೌನ್ ಅಳೆದ ಅರ್ಧ ಇಂಚಿನ ಮೀಟರ್

ವಸ್ತು: ಮನೆಗೆ ಹಾಕುವ ಅರ್ಧ ಇಂಚಿನ ನೀರಿನ ಮೀಟರ್. ಹಿತ್ತಾಳೆ ಮೈ, ಮೇಲೆ ಗಾಜು, ಗಾಜಿಗೊಂದು ಮುಚ್ಚಳ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ವೈಫೈ ಇಲ್ಲ. 2020ರ ಜನವರಿಯಲ್ಲಿ ಶಿರಸಿಯ ಸಿ.ಪಿ. ಬಜಾರ್ ಕಡೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 1,350 ರೂಪಾಯಿ ಕೊಟ್ಟು ತಂದೆ. ಈಗ 2025ರ ನವೆಂಬರ್. ಹತ್ತಿರ ಹತ್ತಿರ ಆರು ವರ್ಷ ಆಯಿತು. ವಾರ ಬಳಸಿ ಐದು ಸ್ಟಾರ್ ಕೊಡುವವರ ವಿಮರ್ಶೆ ಓದಿ ಓದಿ ಸಾಕಾಗಿದೆ, ಹಾಗಾಗಿ ನಾನು ಕಾದು ಬರೆಯುತ್ತಿದ್ದೇನೆ.

ಕಂಪನಿ ಹೆಸರು ಬೇಡ. ಈ ಮೀಟರುಗಳು ಎಲ್ಲ ಒಂದೇ ಥರ ಇರುತ್ತವೆ. ನೋಡಬೇಕಾದ್ದು ಎರಡೇ, ಐಎಸ್ 779 (ನೀರಿನ ಮೀಟರಿಗಿರುವ ಭಾರತೀಯ ಮಾನಕ) ಗುರುತು ಇದೆಯಾ ಮತ್ತು ಕ್ಲಾಸ್ ಎ ಅಥವಾ ಕ್ಲಾಸ್ ಬಿ. ಬಿ ತಗೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಯಾಕೆ ತಂದೆ ಅಂದರೆ, ಆ ವರ್ಷ ಮಾರಿಕಾಂಬಾ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಶಿರಸಿಯ ಯಾವ ಮನೆಯಲ್ಲಿ ನೆಂಟರಿರುವುದಿಲ್ಲ ಹೇಳಿ? ಹಿಂದಿನ ಜಾತ್ರೆಯಲ್ಲಿ ನಮ್ಮ ಭಾವ ತಲೆಗೆಲ್ಲ ಸೋಪು ಹಚ್ಚಿಕೊಂಡು ನಿಂತಾಗ ಟ್ಯಾಂಕು ಖಾಲಿಯಾಗಿತ್ತು. ಬಾವಿಯಿಂದ ಕೊಡಪಾನದಲ್ಲಿ ಎತ್ತಿ ಎತ್ತಿ ಬಚ್ಚಲಿಗೆ ಹೊತ್ತು ಕೊಟ್ಟವನು ನಾನು. ಈ ಸಲ ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ಗೊತ್ತಿರಲಿ ಎಂದು ಮೀಟರ್ ತಂದೆ. ಆಯಿ, ಅಂದರೆ ನಮ್ಮಮ್ಮ, ಒಂದೇ ಮಾತು ಕೇಳಿದಳು. "ಏ ತಮಾ, ಹಾಲಿಗೆ ಅಳತೆ ಇದ್ದು, ನೀರಿಗೆ ಎಂತಕ್ಕೆ?"

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಊರಿದು, ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುವುದೂ ಇದೇ ಊರಲ್ಲೇ. ಗಣೇಶನಗರದ ಗೌರಿ ನಾಯ್ಕರು ಒಬ್ಬರೇ ನಿಂತು 60 ಅಡಿ ಬಾವಿ ತೋಡಿದ್ದು ಶೋಕಿಗಲ್ಲ ಅಲ್ವಾ.

ಜೋಡಣೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಎರಡು ತಪ್ಪು ಮಾಡಿದೆ. ಮೊದಲು ಗೇಟಿನ ಹತ್ತಿರ, ನಲ್ಲಿ ನೀರು ಒಳಗೆ ಬರುವ ಪೈಪಿಗೆ ಹಾಕಿಸಿದೆ. ನಲ್ಲಿ ನೀರು ದಿನವಿಡೀ ಬರುವುದಲ್ಲ. ಬಿಟ್ಟಾಗ ಮೊದಲು ಪೈಪಿನೊಳಗಿನ ಗಾಳಿ ಬುಸ್ ಎಂದು ಬರುತ್ತದೆ, ಮೀಟರ್ ಆ ಗಾಳಿಗೂ ಗಿರಗಿರ ತಿರುಗುತ್ತದೆ. ಕೊಡ ಇನ್ನೂ ಒಣಗಿದೆ, ಮೀಟರ್ ಮಾತ್ರ ಇಪ್ಪತ್ತು ಲೀಟರ್ ತೋರಿಸಿದೆ. ಅದೂ ಅಲ್ಲದೆ ನಮ್ಮ ಮನೆಗೆ ಬಾವಿ ನೀರೂ ಇದೆ, ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆಮೇಲೆ ಬಿಚ್ಚಿಸಿ ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿಗೆ ಹಾಕಿಸಿದೆ. ಸರಿಯಾದ ಜಾಗ ಅದೇ. ಬಾವಿಯದಾಗಲಿ ನಲ್ಲಿಯದಾಗಲಿ, ಮನೆಯೊಳಗೆ ಖರ್ಚಾಗುವುದೆಲ್ಲ ಅಲ್ಲೇ ಹಾದು ಹೋಗಬೇಕು.

ಎರಡನೇ ತಪ್ಪು ಪ್ಲಂಬರ್‌ದು ಅಂತಲೂ ಅನ್ನಬಹುದು, ನಿಂತು ನೋಡದ ನನ್ನದು ಅಂತಲೂ ಅನ್ನಬಹುದು. ಮೀಟರಿನ ಮೈ ಮೇಲೆ ಬಾಣದ ಗುರುತು ಇರುತ್ತದೆ, ನೀರು ಆ ಕಡೆಗೆ ಹರಿಯಬೇಕು. ನಮ್ಮದನ್ನು ಉಲ್ಟಾ ಕೂರಿಸಿದ್ದರು. ಹೊಸ ಮೀಟರ್ 0000ದಿಂದ ಹಿಂದಕ್ಕೆ ಓಡಿ 9999 ತೋರಿಸಿತು. ಆಯಿ ನೋಡಿ ನಕ್ಕಳು. "ತಮಾ, ಇದು ನೀರು ವಾಪಸ್ ಕೊಡ್ತಾ?" ಇನ್ನೂರು ರೂಪಾಯಿ ಮತ್ತೆ ಖರ್ಚು. ಮೀಟರ್ ಮಟ್ಟವಾಗಿ, ಮುಖ ಮೇಲೆ ಮಾಡಿ ಕೂರಬೇಕು. ಅದರ ಮೊದಲು ಸ್ವಲ್ಪ ದೂರ ಪೈಪು ನೇರ ಇರಬೇಕು, ಎಲ್ಬೋ ಪಕ್ಕದಲ್ಲೇ ಹಾಕಿಸಬೇಡಿ.

ಓದುವುದು ಸುಲಭ. ಕಪ್ಪು ಅಂಕಿ ಅಂದರೆ ಘನ ಮೀಟರ್, ಒಂದು ಘನ ಮೀಟರ್ ಅಂದರೆ 1,000 ಲೀಟರ್. ಕೆಳಗಿನ ಕೆಂಪು ಮುಳ್ಳುಗಳು ನೂರು, ಹತ್ತು, ಒಂದು ಲೀಟರ್ ತೋರಿಸುತ್ತವೆ. ನಡುವೆ ಒಂದು ಪುಟ್ಟ ನಕ್ಷತ್ರದಂಥ ಚಕ್ರ ಇದೆ. ಎಲ್ಲ ನಲ್ಲಿ ಬಂದ್ ಮಾಡಿದ ಮೇಲೂ ಅದು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. 1,350 ರೂಪಾಯಿಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು.

ಜಾತ್ರೆ ಮಾರ್ಚ್ ಮೊದಲ ಭಾಗದಲ್ಲಿ ಚೆನ್ನಾಗಿಯೇ ಆಯಿತು. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನೆಂಟರು ಬಂದರು, ಮಿಂದರು, ಉಂಡರು, ಹೋದರು. ಟ್ಯಾಂಕು ಖಾಲಿಯಾಗಲಿಲ್ಲ. ಮೀಟರಿನ ಕೆಲಸ ಮುಗಿಯಿತು, ಇನ್ನು ಮುಚ್ಚಳ ಹಾಕಿ ಮರೆತುಬಿಡಬಹುದು ಅಂದುಕೊಂಡೆ. ಎರಡು ವಾರ ಆಗುವುದರೊಳಗೆ, ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್.

ಆಗ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪಯ್ಯ, ಆಯಿ, ನಾನು, ಹೆಂಡತಿ. ಧಾರವಾಡದ ಹಾಸ್ಟೆಲ್ ಖಾಲಿ ಮಾಡಿಸಿದ್ದಕ್ಕೆ ಮಗಳು ಬಂದಳು. ಬೆಂಗಳೂರಿನಿಂದ ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು ಬಸ್ಸು ನಿಲ್ಲುವ ಹಿಂದಿನ ದಿನ ಬಂದು ಮುಟ್ಟಿದರು. ಒಟ್ಟು ಒಂಬತ್ತು.

ಫೆಬ್ರವರಿಯಲ್ಲಿ ನಾಲ್ಕು ಜನಕ್ಕೆ ದಿನಕ್ಕೆ 400 ಲೀಟರ್ ಸುತ್ತಮುತ್ತ ಹೋಗುತ್ತಿತ್ತು. ತಲೆಗೆ ನೂರು. ಒಂಬತ್ತು ಜನಕ್ಕೆ 900 ಆಗಬೇಕಲ್ವಾ? ಏಪ್ರಿಲ್ ಎರಡನೇ ವಾರ ನೋಡಿದರೆ 1,260. ನಾನು ಮೀಟರ್ ಕೆಟ್ಟಿದೆ ಎಂದು ನಕ್ಷತ್ರ ಚಕ್ರ ನೋಡಿದೆ, ರಾತ್ರಿ ಟಾರ್ಚು ಹಿಡಿದು ಪೈಪೆಲ್ಲ ತಡಕಿದೆ, ಕಮೋಡಿನ ಫ್ಲಶ್ ಟ್ಯಾಂಕಿಗೆ ಅರಿಶಿನ ನೀರು ಹಾಕಿ ಕೆಳಗೆ ಬಣ್ಣ ಇಳಿಯುತ್ತದಾ ನೋಡಿದೆ. ಏನೂ ಸೋರುತ್ತಿರಲಿಲ್ಲ. ತಲೆಗೆ 140 ಲೀಟರ್ ನಾವೇ ಖರ್ಚು ಮಾಡುತ್ತಿದ್ದೆವು.

ಜನ ಹೆಚ್ಚಾದರು, ನೀರು ಹೆಚ್ಚಾಯಿತು, ಅದರಲ್ಲೇನು ಅಂತ ನಿಮಗನಿಸಬಹುದು. ಜನ ಹೆಚ್ಚಿದ್ದಕ್ಕೆ ಅಲ್ಲ, ತಲೆಗೆ ಹೆಚ್ಚಿದ್ದಕ್ಕೆ ನನಗೆ ಆಶ್ಚರ್ಯ. ಲಾಕ್‌ಡೌನಿನಲ್ಲಿ ಮಾಡುವುದಕ್ಕೆ ಬೇರೆ ಕೆಲಸ ಇರಲಿಲ್ಲ, ಹಾಗಾಗಿ ಒಂದೊಂದಾಗಿ ಅಳೆಯಲು ಕೂತೆ.

ಮೊದಲು ಕೈ ತೊಳೆಯುವುದು. ಸೋಪು ಹಾಕಿ ಕೈ ತೊಳೆಯಿರಿ ಎಂದು ಫೋನು ಮಾಡಿದಾಗೆಲ್ಲ ಕೆಮ್ಮಿನ ಸದ್ದಿನ ಜೊತೆ ಹೇಳುತ್ತಿದ್ದರು, ಇಪ್ಪತ್ತು ಸೆಕೆಂಡ್ ತೊಳೆಯಬೇಕು ಎಂಬ ಮಾತೂ ಎಲ್ಲ ಕಡೆ ಇತ್ತು, ನೆನಪಿದೆ ತಾನೇ? ನಮಗೆ ಯಾರೂ ಹೇಳದ ವಿಷಯ ಏನೆಂದರೆ ಆ ಇಪ್ಪತ್ತು ಸೆಕೆಂಡೂ ನಲ್ಲಿಯನ್ನು ಬಂದ್ ಮಾಡಿಡಬಹುದು. ನಮ್ಮ ಬೇಸಿನ್ನಿನ ನಲ್ಲಿಯನ್ನು ಪೂರ್ತಿ ಬಿಟ್ಟರೆ 20 ಸೆಕೆಂಡಿಗೆ ಎರಡೂವರೆ ಲೀಟರ್. ತಮ್ಮನ ಮಕ್ಕಳು ಹಾಡು ಹೇಳಿಕೊಂಡು ಎರಡೆರಡು ಸಲ ತೊಳೆಯುತ್ತಿದ್ದರು. ಒಂಬತ್ತು ಜನ, ದಿನಕ್ಕೆ ಹತ್ತು ಸಲ ಅಂದುಕೊಳ್ಳಿ, 225 ಲೀಟರ್ ಬರೀ ಕೈಗೆ! ಕೈ ಒದ್ದೆ ಮಾಡಿ, ನಲ್ಲಿ ಬಂದ್ ಮಾಡಿ, ಸೋಪು ತಿಕ್ಕಿ, ಮತ್ತೆ ಬಿಟ್ಟರೆ ಮುಕ್ಕಾಲು ಲೀಟರಿನಲ್ಲಿ ಮುಗಿಯುತ್ತದೆ. ಇದನ್ನು ಮಕ್ಕಳಿಗೆ ಮೀಟರ್ ಹತ್ತಿರ ನಿಲ್ಲಿಸಿ ತೋರಿಸಿದೆ. ಒಬ್ಬ ತೊಳೆಯುವುದು, ಇನ್ನೊಬ್ಬ ಮುಳ್ಳು ನೋಡಿ ಕೂಗುವುದು. ಅವರಿಗೆ ಅದು ಆಟವಾಯಿತು, ಆಟದ ಹೆಸರಲ್ಲಿ ಇನ್ನೂ ಹತ್ತು ಸಲ ತೊಳೆದರು. ಅದು ಬೇರೆ ವಿಷಯ.

ಆಮೇಲೆ ವಾಷಿಂಗ್ ಮೆಷಿನ್. ಮೊದಲು ಎರಡು ದಿನಕ್ಕೊಮ್ಮೆ ಹಾಕುತ್ತಿದ್ದೆವು. ಈಗ ಪೇಟೆಗೆ ಹೋಗಿ ಬಂದವನ ಬಟ್ಟೆ ನೇರ ಮೆಷಿನ್‌ಗೆ, ಅವನು ನೇರ ಬಚ್ಚಲಿಗೆ. ಒಬ್ಬನ ಒಂದು ಜೊತೆ ಬಟ್ಟೆಗೂ ಮೆಷಿನ್ ಕುಡಿಯುವುದು ಹೆಚ್ಚುಕಡಿಮೆ ಅಷ್ಟೇ ನೀರು, ನಮ್ಮದು ಮೇಲಿನಿಂದ ಹಾಕುವ ಮೆಷಿನ್, 110 ಲೀಟರ್. ತರಕಾರಿಗೆ ಉಪ್ಪು ನೀರು, ಮತ್ತೆ ಬರೀ ನೀರು. ಹಾಲಿನ ಪ್ಯಾಕೆಟ್ ತೊಳೆದೆವು. ಬಿಸ್ಕತ್ ಪ್ಯಾಕೆಟ್ ತೊಳೆದೆವು. ಅಪ್ಪಯ್ಯ ಒಂದು ದಿನ ಕವಳದ ವೀಳ್ಯದೆಲೆಯನ್ನು ಸೋಪು ಹಾಕಿ ತೊಳೆದ, ಬಾಯಲ್ಲಿ ನೊರೆ ಬಂದ ಮೇಲೆ ಬಿಟ್ಟ.

ಇದೆಲ್ಲ ಸೇರಿಸಿದರೂ ಲೆಕ್ಕ ಪೂರ್ತಿ ಕೂಡಲಿಲ್ಲ. ಆಮೇಲೆ ಹೊಳೆದದ್ದು ಸರಳ ವಿಷಯ. ನಾನು ಮೊದಲು ಬೆಳಗ್ಗೆ ಒಂಬತ್ತೂವರೆಗೆ ಆಫೀಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಿದ್ದೆ. ಆ ನಡುವಿನ ಮೂತ್ರ, ಮುಖ ತೊಳೆಯುವುದು, ಊಟದ ಡಬ್ಬಿ ತೊಳೆಯುವುದು, ಕ್ಯಾಂಟೀನಿನ ಚಹಾ ಲೋಟ, ಅದೆಲ್ಲ ನಮ್ಮ ಮನೆಯ ಲೆಕ್ಕದಲ್ಲಿ ಯಾವತ್ತೂ ಇರಲೇ ಇಲ್ಲ. ಕಟ್ಟಡಗಳಿಗೆ ನೀರು ಎಷ್ಟು ಬೇಕೆಂದು ಹೇಳುವ ಐಎಸ್ 1172 ಎಂಬ ಪಟ್ಟಿ ಇದೆ. ಅದರಲ್ಲಿ ಆಫೀಸಿಗೆ ತಲೆಗೆ 45 ಲೀಟರ್, ಹಗಲು ಶಾಲೆಗೂ 45, ಹಾಸ್ಟೆಲಿಗೆ 135, ಹೋಟೆಲಿನಲ್ಲಿ ಕೂತು ತಿನ್ನುವ ಒಂದು ಸೀಟಿಗೆ 70. ಲಾಕ್‌ಡೌನಿನಲ್ಲಿ ಈ ಅಂಕಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದವು. ನಮ್ಮಲ್ಲಿ ತಲೆಗೆ ಹೆಚ್ಚಾದದ್ದು 40. ಪಟ್ಟಿಯ 45ಕ್ಕೆ ಹತ್ತಿರ ಬಂದದ್ದು ಕಾಕತಾಳೀಯ, ಅಪ್ಪಯ್ಯ ಮತ್ತು ಆಯಿ ಮೊದಲೂ ಮನೆಯಲ್ಲೇ ಇದ್ದವರು. ಆದರೆ ದಿಕ್ಕು ಸರಿಯಾಗಿದೆ.

ಹೊರಗೆ ಇದನ್ನು ಊರು ಮಟ್ಟದಲ್ಲಿ ಅಳೆದವರಿದ್ದಾರೆ. ಬ್ರೆಜಿಲಿನ ಜೋಯಿನ್ವಿಲಿ ಎಂಬ ಊರಿನಲ್ಲಿ 2020ರ ಮಾರ್ಚ್‌ನ ನಿರ್ಬಂಧಗಳ ಮೊದಲು ಮತ್ತು ನಂತರದ ಮೀಟರ್ ಲೆಕ್ಕ ನೋಡಿದರು. ಮನೆಗಳಲ್ಲಿ ನೀರು ಶೇ. 11 ಹೆಚ್ಚಾಗಿತ್ತು. ಅಂಗಡಿ ಹೋಟೆಲುಗಳಲ್ಲಿ ಶೇ. 42, ಕಾರ್ಖಾನೆಗಳಲ್ಲಿ ಶೇ. 53 ಕಡಿಮೆ. ಓದಿದಾಗ ನನಗೆ ನಮ್ಮ ಐದು ರಸ್ತೆ ಸರ್ಕಲ್ ನೆನಪಾಯಿತು. ಖಾನಾವಳಿಗಳು ಬಂದ್, ಲಾಡ್ಜ್ ಬಂದ್, ಬಸ್ ಸ್ಟ್ಯಾಂಡ್ ಬಂದ್. ಅಲ್ಲಿ ಉಳಿದ ನೀರೆಲ್ಲ ಓಣಿಗಳ ಬಚ್ಚಲಿಗೆ ಬಂದಿತ್ತು. ಊರಿನ ಒಟ್ಟು ಖರ್ಚು ಅಷ್ಟೇನೂ ಬದಲಾಗದಿದ್ದರೂ ನೀರು ಬೇಕಾದ ಜಾಗ ಬದಲಾದರೆ ಪೈಪಿನ ತುದಿಯಲ್ಲಿರುವ ಮನೆಯವರಿಗೆ ಮತ್ತು ಮೇಲಿನ ಮಹಡಿಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗುವುದಿಲ್ಲ.

ಹೊತ್ತೂ ಬದಲಾಯಿತು. ಇದು ನಾನು ದಿನಕ್ಕೆ ನಾಲ್ಕು ಸಲ ಮೀಟರ್ ಓದಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟದ್ದರಿಂದ ಸಿಕ್ಕಿದ್ದು. (ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ.) ಫೆಬ್ರವರಿಯಲ್ಲಿ ದಿನದ ಅರ್ಧಕ್ಕಿಂತ ಜಾಸ್ತಿ ನೀರು ಬೆಳಗ್ಗೆ ಆರರಿಂದ ಒಂಬತ್ತರ ಒಳಗೆ ಮುಗಿಯುತ್ತಿತ್ತು. ಏಪ್ರಿಲಿನಲ್ಲಿ ಆ ಹೊತ್ತಿಗೆ ಮೂರನೇ ಒಂದು ಭಾಗವೂ ಇಲ್ಲ. ತಮ್ಮ ಏಳುವುದೇ ಒಂಬತ್ತಕ್ಕೆ, ಸ್ನಾನ ಹನ್ನೊಂದಕ್ಕೆ, ಅದೂ ಕಂಪನಿಯ ಮೀಟಿಂಗ್ ಮುಗಿದ ಮೇಲೆ. ಮಗಳದ್ದು ಮಧ್ಯಾಹ್ನ. ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತ್ಯದ ಊರುಗಳಲ್ಲೂ ಬೆಳಗಿನ ನೀರಿನ ಗದ್ದಲ ಹೀಗೇ ತಡವಾಗಿ ಶುರುವಾಯಿತೆಂದು ಆಮೇಲೆ ಓದಿದೆ. ಮಲಗಿ ಏಳುವ ಚಟ ಎಲ್ಲ ಕಡೆ ಒಂದೇ.

ನಮಗೆ ಇದರಿಂದ ಉಪಯೋಗ ಆಯಿತು, ಅದನ್ನು ಹೇಳಲೇಬೇಕು. ನಮ್ಮ ಟ್ಯಾಂಕು 1,000 ಲೀಟರಿನದು. ಮೊದಲಿನಂತೆ ಎಲ್ಲರೂ ಬೆಳಗ್ಗೆ ಮೀಯುತ್ತಿದ್ದರೆ ಎಂಟು ಗಂಟೆಗೆ ಮುಗಿದು ಹೋಗುತ್ತಿತ್ತು. ಹೊತ್ತು ಚದುರಿದ್ದರಿಂದ ಬಾವಿಗೂ ಊಟೆ ಬರಲು ಪುರುಸೊತ್ತು ಸಿಕ್ಕಿತು. ಬೆಳಗ್ಗೆ ಅರ್ಧ ಗಂಟೆ ಪಂಪು, ಮಧ್ಯಾಹ್ನ ಅರ್ಧ ಗಂಟೆ. ಒಂದೇ ಸಲ ಎಳೆದಿದ್ದರೆ ಕೆಸರು ಬರುತ್ತಿತ್ತು.

ಆದರೆ ಮೀಟರಿನ ಒಂದು ದೊಡ್ಡ ದೋಷ ಇಲ್ಲೇ ಗೊತ್ತಾಯಿತು. ಅದು ಎಷ್ಟು ಅನ್ನುತ್ತದೆ, ಯಾರು ಅನ್ನುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ನಾನು ದಿನದ ಅಂಕಿ ಹೇಳುತ್ತಿದ್ದೆ. ಮೂರನೇ ದಿನಕ್ಕೆ ತಮ್ಮನ ಹೆಂಡತಿಯ ಮುಖ ಸಣ್ಣದಾಯಿತು. ತಮಗೇ ಹೇಳುತ್ತಿದ್ದಾರೆ ಅಂತ ಅವಳಿಗೆ ಅನಿಸಿತ್ತು. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿನಲ್ಲಿ ಸಂಸಾರ ಮಾಡಿದವಳು, ನಿಜ ಹೇಳಬೇಕೆಂದರೆ ನಮ್ಮೆಲ್ಲರಿಗಿಂತ ಕಡಿಮೆ ನೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಜಾಸ್ತಿ ಖರ್ಚು ಮಾಡುತ್ತಿದ್ದವನು ನಾನೇ, ಬೇಜಾರು ಕಳೆಯಲು ದಿನಾ ಬೈಕು ತೊಳೆಯುತ್ತಿದ್ದೆ, ಎಲ್ಲೂ ಹೋಗದ ಬೈಕು! ಅದನ್ನು ಮಗಳು ಎಲ್ಲರೆದುರು ಹೇಳಿದಳು. ಅವತ್ತಿನಿಂದ ಊಟದ ಹೊತ್ತಿಗೆ ಅಂಕಿ ಹೇಳುವುದು ಬಂದ್. ನೀವು ಕೂಡು ಕುಟುಂಬದವರಾದರೆ ಮೀಟರ್ ಹಾಕಿಸಿ, ಆದರೆ ಲೆಕ್ಕ ಹೊಟ್ಟೆಯಲ್ಲಿಟ್ಟುಕೊಳ್ಳಿ.

ಕಾರವಾರದಲ್ಲಿರುವ ನಮ್ಮ ಅತ್ತೆಯ ಮಗನ ಅಪಾರ್ಟ್‌ಮೆಂಟಿನಲ್ಲಿ ಇದೇ ಜಗಳ ದೊಡ್ಡದಾಗಿ ಆಯಿತು. ಕಾರವಾರಕ್ಕೆ ನೀರು ಬರುವುದು ಅಂಕೋಲಾ ತಾಲೂಕಿನ ಗಂಗಾವಳಿ ಹೊಳೆಯಿಂದ. ಸಮುದ್ರ ಎದುರಿಗೇ ಇದೆ, ಎಷ್ಟೋ ಬಾವಿಗಳ ನೀರು ಬಾಯಿಗೆ ಹಾಕಿದರೆ ಉಪ್ಪುಪ್ಪು. ಅವರಲ್ಲಿ ನೀರಿನ ಖರ್ಚು ಎಲ್ಲ ಫ್ಲ್ಯಾಟಿಗೂ ಸಮ ಹಂಚಿಕೆ. ಲಾಕ್‌ಡೌನಿನಲ್ಲಿ ಎರಡು ಫ್ಲ್ಯಾಟಿಗೆ ಬೀಗ, ಅವರು ಊರಿಗೆ ಹೋಗಿದ್ದರು. ಒಂದರಲ್ಲಿ ಏಳು ಜನ. ಬೀಗ ಹಾಕಿದವರು ನಾವ್ಯಾಕೆ ಕೊಡಬೇಕು ಅಂದರು. ನನ್ನ ಮಾತು ಕೇಳಿ ಅವನು ಫ್ಲ್ಯಾಟಿಗೊಂದು ಮೀಟರ್ ಹಾಕಿಸಲು ಹೊರಟ. ಆಗ ಗೊತ್ತಾದದ್ದು, ಅಲ್ಲಿ ಒಂದು ಫ್ಲ್ಯಾಟಿಗೆ ನೀರು ಬರುವುದು ಒಂದು ಪೈಪಿನಲ್ಲಲ್ಲ. ಅಡುಗೆಮನೆಗೆ ಒಂದು, ಎರಡು ಬಾತ್‌ರೂಮಿಗೆ ಎರಡು, ಮೇಲಿನಿಂದ ಬೇರೆ ಬೇರೆ ಇಳಿಯುತ್ತವೆ. ಒಂದು ಮನೆಗೆ ಮೂರು ಮೀಟರ್ ಬೇಕು. ಕೈಬಿಟ್ಟರು. ಹಾಗಾಗಿ ಅಪಾರ್ಟ್‌ಮೆಂಟಿನವರು ಪೈಪು ಎಷ್ಟಿವೆ ಎಂದು ನೋಡಿಕೊಂಡು ಆಮೇಲೆ ಅಂಗಡಿಗೆ ಹೋಗಿ.

ಇನ್ನೊಬ್ಬ ಗೆಳೆಯನಿಗೆ ಗೋಕರ್ಣದಲ್ಲಿ ಚಿಕ್ಕ ಲಾಡ್ಜ್ ಇದೆ. ಅವನ ಕಥೆ ಉಲ್ಟಾ. ತಿಂಗಳುಗಟ್ಟಲೆ ಒಂದು ಹನಿ ಖರ್ಚಿಲ್ಲ. ಮತ್ತೆ ತೆರೆದ ದಿನ ನಲ್ಲಿ ಬಿಟ್ಟರೆ ಕೆಂಪು ನೀರು, ಕಬ್ಬಿಣದ ವಾಸನೆ. ನಿಂತ ನೀರು ಸುಮ್ನೆ ಇರುವುದಿಲ್ಲ. ಕ್ಲೋರಿನ್ ಅಂಶ ಹೋಗುತ್ತದೆ, ಪೈಪಿನೊಳಗೆ ಪಾಚಿಯಂಥ ಲೋಳೆ ಕೂರುತ್ತದೆ. ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಶವರಿನ ಹನಿಯ ಜೊತೆ ಶ್ವಾಸಕೋಶಕ್ಕೆ ಹೋಗಬಹುದು. ಮುಚ್ಚಿದ ಕಟ್ಟಡ ತೆರೆಯುವ ಮೊದಲು ಎಲ್ಲ ನಲ್ಲಿ ಬಿಟ್ಟು ಹಳೆ ನೀರು ಹರಿಸಿ ಎಂದು ಹೊರದೇಶದ ಆರೋಗ್ಯ ಇಲಾಖೆಗಳು ಆಗ ಹೇಳಿದ್ದು ಇದಕ್ಕೇ. ಅವನು ಟ್ಯಾಂಕು ತಿಕ್ಕಿಸಿ, ರೂಮು ರೂಮಿಗೆ ಹೋಗಿ ನಲ್ಲಿ ಬಿಟ್ಟು ಅರ್ಧ ದಿನ ಹರಿಸಿದ. ನೀರು ಉಳಿಸಿದ ಊರಿನಲ್ಲಿ ಆ ಅರ್ಧ ದಿನ ನೋಡಲು ಕಷ್ಟವಾಯಿತು ಅಂದ.

ಮೀಟರಿಗೆ ವಾಪಸ್ ಬರೋಣ. ತೊಂದರೆಗಳು:

ಸಣ್ಣ ಸೋರಿಕೆ ಇದಕ್ಕೆ ಕಾಣುವುದಿಲ್ಲ. ಕ್ಲಾಸ್ ಬಿ ಅಂದರೆ ಗಂಟೆಗೆ 30 ಲೀಟರಿನಿಂದ ಮೇಲೆ ಲೆಕ್ಕ ನಂಬಬಹುದು, ಕ್ಲಾಸ್ ಎ ಅಂದರೆ 60ರಿಂದ. ಅದಕ್ಕೇ ಬಿ ತಗೊಳ್ಳಿ ಅಂದದ್ದು. ಆದರೆ ಟಪ್ ಟಪ್ ಎಂದು ಬೀಳುವ ಹನಿ ಎರಡಕ್ಕೂ ಸಿಕ್ಕುವುದಿಲ್ಲ. ನಮ್ಮ ಹಿತ್ತಲ ನಲ್ಲಿ ಎರಡು ತಿಂಗಳು ಸೋರಿತು. ಮೀಟರ್ ಸುಮ್ಮನಿತ್ತು, ಆಯಿಯ ಕಿವಿಗೆ ರಾತ್ರಿ ಕೇಳಿಸಿತು.

ಮಳೆಗಾಲದ ಮೊದಲ ನೀರಿನಲ್ಲಿ ರಾಡಿ, ಮರಳು ಬರುತ್ತದೆ. ಮೀಟರಿನ ಬಾಯಲ್ಲಿ ಒಂದು ಜಾಲರಿ ಇರುತ್ತದೆ, ಅದು ಕಟ್ಟಿಕೊಂಡರೆ ಶವರಿನಲ್ಲಿ ಒತ್ತಡ ಇರುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಹಲ್ಲುಜ್ಜುವ ಹಳೆ ಬ್ರಷ್‌ನಲ್ಲಿ ತಿಕ್ಕುತ್ತೇನೆ. ವಾಷರ್ ಎರಡು ಜಾಸ್ತಿ ತಂದಿಟ್ಟುಕೊಳ್ಳಿ. ಟ್ಯಾಂಕು ಬಹಳ ಎತ್ತರ ಇಲ್ಲದಿದ್ದರೆ ಮೀಟರ್ ಹಾಕಿದ ಮೇಲೆ ನೀರಿನ ರಭಸ ಸ್ವಲ್ಪ ಕಡಿಮೆ ಆಗುವುದು ನಿಜ, ತಮ್ಮ ಮೂರು ತಿಂಗಳೂ ಇದನ್ನೇ ಹೇಳಿದ. ಗಾಜಿನೊಳಗೆ ಜುಲೈ, ಆಗಸ್ಟಿನಲ್ಲಿ ಮಂಜು ಕೂರುತ್ತದೆ, ಓದಲಿಕ್ಕಾಗುವುದಿಲ್ಲ. ಮಲೆನಾಡಿನ ಮಳೆಗೆ ಕನ್ನಡಕಕ್ಕೇ ಬೂಷ್ಟು ಹಿಡಿಯುತ್ತದೆ, ಇದಕ್ಕೇನು ಬೈಯುವುದು.

2021ರ ಏಪ್ರಿಲ್ ಕೊನೆಗೆ ಮತ್ತೆ ಬಂದ್ ಆದಾಗ ತಮ್ಮನವರು ಮತ್ತೆ ಬಂದರು. ಆಗ ತಲೆಗೆ 115 ಲೀಟರ್ ದಾಟಲಿಲ್ಲ. ಯಾರೂ ಬಿಸ್ಕತ್ ಪ್ಯಾಕೆಟ್ ತೊಳೆಯಲಿಲ್ಲ. ಅಷ್ಟರೊಳಗೆ ಆಯಿ ಅಂಗಳದ ಮೆಟ್ಟಿಲ ಹತ್ತಿರ ಒಂದು ಹಂಡೆ, ತಂಬಿಗೆ, ಸೋಪು ಇಟ್ಟಿದ್ದಳು. ಹೊರಗಿಂದ ಬಂದವರು ಅಲ್ಲೇ ಕೈಕಾಲು ತೊಳೆದು ಒಳಗೆ ಬರಬೇಕು. ಒಂದು ತಂಬಿಗೆ ಅಂದರೆ ಒಂದು ಲೀಟರ್, ಅದರಲ್ಲೇ ಕೈಯೂ ಆಗಬೇಕು, ಕಾಲೂ ಆಗಬೇಕು. ಅವಳ ಅಜ್ಜನ ಮನೆಯಲ್ಲಿ ಹಾಗೇ ಇತ್ತಂತೆ, ಕಾಲು ತೊಳೆಯದೆ ಕುಡಿಯಲು ಆಸರಿಗೆ ಕೊಡುತ್ತಿರಲಿಲ್ಲವಂತೆ. ನಾನು 1,350 ರೂಪಾಯಿ ಕೊಟ್ಟು ಕಂಡುಹಿಡಿದದ್ದನ್ನು ಅವಳು ತಂಬಿಗೆಯಲ್ಲಿ ಮಾಡಿದಳು. ಹಂಡೆಯ ನೀರು ಬಾವಿಯಿಂದ ನೇರ ಎತ್ತಿದ್ದು, ಮೀಟರಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಆ 115ಕ್ಕೆ ಸ್ವಲ್ಪ ಸೇರಿಸಿಕೊಳ್ಳಿ.

ಮೊಬೈಲಿಗೆ ಅಂಕಿ ಕಳಿಸುವ ಮೀಟರ್ ತಗೊಳ್ಳಲಾ ಎಂದು ಇಬ್ಬರು ಕೇಳಿದರು. ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಮಳೆ ಕೇಳಿ ಬರುವ ಊರಿನಲ್ಲಿ ಬೇಡ ಅನ್ನುತ್ತೇನೆ. ಎದ್ದು ಹೋಗಿ ಬಗ್ಗಿ ನೋಡುವ ಕಷ್ಟ ಇದೆಯಲ್ಲ, ಆ ಕಷ್ಟಕ್ಕೇ ನೀರು ಸ್ವಲ್ಪ ಉಳಿಯುತ್ತದೆ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಹನಿಗೆ ಮತ್ತು ಮಂಜಿಗೆ. ಜಗಳಕ್ಕೆ ಕಳೆದಿಲ್ಲ, ಅದು ನನ್ನ ತಪ್ಪು.

ಇವತ್ತು ಬೆಳಗ್ಗೆ ನೋಡಿದೆ, 994. ಈಗ ಮತ್ತೆ ನಾವು ನಾಲ್ಕೇ ಜನ, ಇನ್ನೆರಡು ವಾರದಲ್ಲಿ ಸಾವಿರ ದಾಟಬಹುದು. ಅಪ್ಪಯ್ಯ ದಿನಾ ಬೆಳಗ್ಗೆ ಕವಳ ಹಾಕಿಕೊಂಡು ಹೋಗಿ ಮುಚ್ಚಳ ಎತ್ತಿ ನೋಡಿ ಬರುತ್ತಾನೆ. ಸಾವಿರ ಆದ ಕೂಡಲೇ ಮತ್ತೆ ಸೊನ್ನೆಗೆ ಬರುತ್ತದಾ ಎಂದು ನಿನ್ನೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಯಿ ಒಳಗಿಂದ ಹೇಳಿದಳು, ನಾಲ್ಕು ಅಂಕಿಯ ಮನೆ ಇದ್ದಲ್ಲ, 9999 ಆಗವು ಅಂತ.